ಗೊತ್ತಿಲ್ಲದ್ದಕ್ಕೂ ಕ್ಷಮೆ

ಮೌಲಾಯ್ ತಾಹಿರ್ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚು ಹಿಡಿದುಕೊಂಡು ಬಾಗಿಲಿಗೆ ಬಂದಾಗ ಝೈದಾ ಅಂಗಳದಲ್ಲಿ ಕೂತು ಪಕ್ಕದ ಮನೆಯ ಆಡಿನ ಮುಂಗಾಲಿಗೆ ದಬ್ಬೆ ಕಟ್ಟುತ್ತಿದ್ದಳು. ಒಮ್ಮೆ ತಲೆ ಎತ್ತಿ ನೋಡಿದಳು, ಮತ್ತೆ ತಗ್ಗಿಸಿದಳು. ದೊಡ್ಡಮನೆಯ ಗಂಡಸರು ಈ ಕೇರಿಗೆ ಬರುವುದು ಎರಡೇ ಕಾರಣಕ್ಕೆ. ತೋಟಕ್ಕೆ ಆಳು ಬೇಕಾದಾಗ, ಇಲ್ಲವೇ ಅವರ ಮನೆಯಲ್ಲಿ ಯಾರದಾದರೂ ಮೂಳೆ ಮುರಿದಾಗ. ಎರಡಕ್ಕೂ ಹೊರಗೇ ನಿಂತು ಕೂಗುತ್ತಾರೆ. ಈತ ಚಪ್ಪಲಿ ಕಳಚಿಟ್ಟು ಒಳಗೇ ಬಂದ.

"ಸಲಾಮ್, ದಾದಾ ಝೈದಾ. ಚೆನ್ನಾಗಿದ್ದೀರಾ?"

ಝೈದಾಳ ಕೈ ನಿಂತಿತು. ಐವತ್ತೆರಡು ವರ್ಷದಲ್ಲಿ ಆ ಮನೆಯವರ ಬಾಯಿಂದ ತನಗೆ ಬಹುವಚನ ಬಂದದ್ದನ್ನು ಅವಳು ಕೇಳಿರಲಿಲ್ಲ. ಅದರ ಜೊತೆಗೇ 'ದಾದಾ' ಬೇರೆ. ದೊಡ್ಡಮನೆಗಳಲ್ಲಿ ಮಕ್ಕಳ ಹೇಲು ಬಳಿದು ಬೆಳೆಸುವ ಕಪ್ಪು ಹೆಂಗಸರಿಗೆ ಇಡುವ ಹೆಸರು ಅದು.

"ದಾದಾ ಯಾರಿಗೆ ಸೀದಿ? ನಿಮ್ಮನೆ ಮಗೂನ ನಾನು ಎತ್ತಿಲ್ಲ, ಆಡಿಸಿಲ್ಲ. ಯಾರದು ಏನು ಮುರೀತು, ಅದನ್ನ ಹೇಳಿ."

ಆತನ ಮುಖ ಕೆಂಪಾಯಿತು. ದೊಡ್ಡಮನೆಯ ಒಡತಿಯರಿಗೆ ಸಲ್ಲುವ 'ಲಾಲ್ಲಾ'ಕ್ಕೆ ಮಾತು ಬದಲಿಸಿದ. "ತಪ್ಪಾಯ್ತು ಲಾಲ್ಲಾ ಝೈದಾ. ಯಾರದೂ ಏನೂ ಮುರಿದಿಲ್ಲ. ಸುಮ್ಮನೆ ಬಂದೆ."

ಸುಮ್ಮನೆ ಬಂದೆ ಎಂದವರನ್ನು ಝೈದಾ ಈವರೆಗೆ ನಂಬಿದವಳಲ್ಲ. ಆದರೂ ಬಂದವರಿಗೆ ಚಹಾ ಕೊಡದೆ ಕಳಿಸುವುದು ಅವಳ ಕೈಲಾಗದು. ಕುದಿಸಿ ಕೊಟ್ಟಳು. ಆತ ಲೋಟ ಹಿಡಿದುಕೊಂಡು ಗೋಡೆ ನೋಡಿದ, ಮಾಡಿನ ಖರ್ಜೂರದ ತೊಲೆ ನೋಡಿದ, ಹಿತ್ತಿಲ ಕಡೆಯ ಕಿಟಕಿ ನೋಡಿದ. "ಈ ಮನೆ ಎಷ್ಟು ವರ್ಷದ್ದು?" ಎಂದು ಕೇಳಿದ. ಝೈದಾ ಒಳಗೊಳಗೇ 'ಬಂತು ನೋಡು' ಎಂದುಕೊಂಡಳು. "ನಾನು ಹುಟ್ಟೋಕೆ ಮುಂಚಿನದು" ಎಂದಳು, ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ಆತ ಇನ್ನೇನೋ ಹೇಳಲು ಎರಡು ಸಲ ಬಾಯಿ ತೆರೆದು, ಹೇಳದೆ ಎದ್ದು ಹೋದ.

ಸಕ್ಕರೆ ಅಚ್ಚನ್ನು ಅವಳು ಒಡೆಯಲಿಲ್ಲ. ನಾಳೆ ಯಾರಾದರೂ 'ನಮ್ಮ ಸಕ್ಕರೆ ತಿಂದಿದ್ದೀಯ' ಎಂದು ಆಡಿದರೆ ಹಾಗೇ ತಿರುಗಿಸಿ ಕೊಡಬಹುದಲ್ಲ ಎಂದು ಅಟ್ಟದ ಮೇಲೆ ಇಟ್ಟಳು.

ಆಡನ್ನು ಒಯ್ಯಲು ಬಂದ ಫರಾಜಿ ಬೊಚ್ಚುಬಾಯಿ ತುಂಬ ನಕ್ಕ. "ಏನಕ್ಕಾ, ಹೆಣ್ಣು ಕೇಳೋಕೆ ಬಂದಂಗೆ ಸಕ್ಕರೆ ಅಚ್ಚು ಬಂತಂತೆ? ನಿಶ್ಚಯ ಆಯ್ತಾ?"

"ನೀನು ಮೊದಲು ಹಲ್ಲು ಕಟ್ಟಿಸ್ಕೊಂಡು ಬಾ, ಊಟಕ್ಕೆ ಕರೀತೀನಿ."

ಫರಾಜಿ ನಗು ನಿಲ್ಲಿಸಿದ. ಅವನು ದೊಡ್ಡಮನೆಯ ತೋಟದಲ್ಲಿ ಬೆಳೆಯ ಐದನೇ ಪಾಲಿಗೆ ದುಡಿಯುವವನು, ಕಿವಿ ಎಲ್ಲ ಕಡೆ ಇಟ್ಟಿರುತ್ತಿದ್ದ. "ತಮಾಷೆ ಇರ್ಲಿ. ಅಳತೆಯವರು ಬಂದಿದ್ದಾರೆ, ನೋಡಿದ್ಯಾ? ಕಾಲುವೆ ಪಕ್ಕ ಕೆಂಪು ಬಿಳಿ ಕೋಲು ನೆಡ್ತಾ ಇದ್ದಾರೆ. ಜಮೀನೆಲ್ಲ ಸರ್ಕಾರದ ಪುಸ್ತಕಕ್ಕೆ ಏರಿಸ್ತಾರಂತೆ. ಅದೇ ವಾರ ಈ ಮನುಷ್ಯ ಮರಕೇಶ್‌ನಿಂದ ಇಳಿದಿದ್ದಾನೆ. ನಿನ್ನತ್ರ ಈ ಮನೇದು ಕಾಗದ ಇದ್ಯಾ?"

ಇರಲಿಲ್ಲ. ತಾಗ್ನೂತಿನ ಈ ಕೇರಿಯಲ್ಲಿ ಯಾರ ಬಳಿಯೂ ಇರಲಿಲ್ಲ. ದ್ರಾ ನದಿಯ ಈ ದಡದ ಖರ್ಜೂರದ ತೋಟ, ಅದಕ್ಕೆ ನೀರು ತರುವ ಕಾಲುವೆ, ತೋಟದ ಅಂಚಿನ ಮಣ್ಣಿನ ಗುಡಿಸಲುಗಳು ಎಲ್ಲವೂ ಒಂದು ಕಾಲಕ್ಕೆ ದೊಡ್ಡಮನೆಯವು. ಗುಡಿಸಲೊಳಗಿನ ಜನರೂ ಸಹ. ಝೈದಾಳ ಅಜ್ಜಿ ಯಾಕೂತ್ ಆ ಮನೆಯ ಸೊತ್ತು. ಎಲ್ಲಿಂದಲೋ ಮರಳುಗಾಡಿನ ಆಚೆಯಿಂದ ಮಗುವಾಗಿದ್ದಾಗ ತಂದವರು, 'ಮಾಣಿಕ್ಯ' ಎಂಬ ಅರ್ಥದ ಆ ಹೆಸರಿಟ್ಟವರು, ಬೀಸುವ ಕಲ್ಲಿಗೆ ಹಚ್ಚಿದವರು ಎಲ್ಲ ಅವರೇ. ಯಾಕೂತಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಝೈದಾಳ ತಾಯಿ ಮಹಜೂಬಾ. ಚಿಕ್ಕವಳು ಎಂಬಾರ್ಕಾ ಏಳು ವರ್ಷಕ್ಕೇ ಜ್ವರದಿಂದ ಸತ್ತಳು, ದೊಡ್ಡ ಬರಗಾಲದಲ್ಲಿ. ಜನ ಅದನ್ನು ಚೀಟಿಯ ವರ್ಷ ಎನ್ನುತ್ತಿದ್ದರು, ಹಿಟ್ಟನ್ನೂ ಚೀಟಿ ಕೊಟ್ಟು ಪಡೆಯುತ್ತಿದ್ದ ವರ್ಷ. ಫ್ರೆಂಚರು ಹೋದ ಮೇಲೆ ಯಾರೂ ಯಾರ ಸೊತ್ತೂ ಅಲ್ಲವೆಂದಾಯಿತು. ಗುಡಿಸಲಿನಲ್ಲಿದ್ದವರು ಗುಡಿಸಲಿನಲ್ಲೇ ಉಳಿದರು.

ಮೂಳೆ ಕೂಡಿಸುವುದನ್ನು ಝೈದಾ ತಾಯಿಯಿಂದ ಕಲಿತಳು. ಖರ್ಜೂರದ ಗರಿಯ ದಿಂಡಿನಿಂದ ದಬ್ಬೆ, ಮೊಟ್ಟೆಯ ಬಿಳಿಯನ್ನು ಹಿಟ್ಟಿನಲ್ಲಿ ಕಲಸಿದ ಪಟ್ಟು, ಬೆಚ್ಚಗಿನ ಆಲಿವ್ ಎಣ್ಣೆ. ಝಗೋರಾದ ಆಸ್ಪತ್ರೆಯಲ್ಲಿ ಸೊಟ್ಟಗೆ ಕೂತ ಮೊಣಕೈಗಳೂ ಅವಳ ಬಳಿ ಬರುತ್ತಿದ್ದವು. ಗಂಡ ಸಾಲಿಮ್ ಮರದಿಂದ ಬಿದ್ದು ಕತ್ತು ಮುರಿದುಕೊಂಡಾಗ ಮಾತ್ರ ಅವಳ ಕೈ ಏನೂ ಮಾಡಲಾಗಲಿಲ್ಲ. ಒಬ್ಬಳೇ ಮಗಳು ರಹ್ಮಾ ಎರಡು ಮನೆ ಆಚೆ ಗಂಡನ ಜೊತೆ ಇದ್ದಳು.

ಎಂಟು ದಿನ ಬಿಟ್ಟು ತಾಹಿರ್ ಮತ್ತೆ ಬಂದ. ಈ ಸಲ ಕಂಕುಳಲ್ಲಿ ಹಳದಿ ಲಕೋಟೆ ಇತ್ತು.

"ಲಾಲ್ಲಾ ಝೈದಾ, ಇದು ನಿಮ್ಮ ಮನೆ ಕಾಗದ. ಮನೆ, ಹಿತ್ತಿಲು, ಕಾಲುವೆ ಪಕ್ಕದ ಹನ್ನೊಂದು ಮರ, ಅದಕ್ಕೆ ಸೇರಿದ ನೀರಿನ ಪಾಲು. ಎಲ್ಲ ನಿಮ್ಮ ಹೆಸರಿಗೆ. ನೀವು ಹೆಬ್ಬೆಟ್ಟು ಒತ್ತಿದ್ರೆ ಅಳತೆಯವರು ಪುಸ್ತಕದಲ್ಲಿ ಬರ್ಕೋತಾರೆ."

"ಯಾಕೆ?"

"ಯಾಕಂದ್ರೆ... ನಮ್ಮ ತಾತ ನಿಮ್ಮ ಅಜ್ಜಿಗೆ ಮಾಡಿದ್ದು ನ್ಯಾಯ ಅಲ್ಲ. ನಮ್ಮಿಂದ ಆಗೋದನ್ನ ಸರಿ ಮಾಡ್ಬೇಕು."

ಝೈದಾ ಲಕೋಟೆಯನ್ನು ಮುಟ್ಟಲಿಲ್ಲ. ಸರಿಯೇ, ಓದು ಬಾರದವಳು ಹೆಬ್ಬೆಟ್ಟು ಒತ್ತುತ್ತಾಳೆ. ಒತ್ತಿದ ಮೇಲೆ ಅದರಲ್ಲಿ 'ಈ ಮನೆ ನನ್ನದಲ್ಲ, ದೊಡ್ಡಮನೆಯವರ ದಯೆಯಿಂದ ಇದ್ದೆ' ಎಂದು ಬರೆದಿದ್ದರೆ? "ಇಟ್ಟು ಹೋಗಿ ಸೀದಿ. ನನ್ನ ಬೆರಳು ಎಲ್ಲೂ ಓಡಿ ಹೋಗಲ್ಲ" ಎಂದಳು.

ಮಗಳಿಗೆ ಓದು ಬರುತ್ತಿತ್ತು, ಆದರೆ ಇದನ್ನು ಮೊದಲು ಹೊರಗಿನವರೇ ಓದಲಿ ಎಂದು ಗುರುವಾರದ ಸಂತೆಗೆ ಒಯ್ದಳು. ಝಗೋರಾದ ಕಚೇರಿ ಎದುರು ಟೈಪ್ ಯಂತ್ರ ಇಟ್ಟುಕೊಂಡು ಕೂರುವ ಅರ್ಜಿ ಬರೆಯುವವನ ಬಳಿ, "ನಮ್ಮ ನಾದಿನಿ ಕಾಗದ, ಅವಳಿಗೆ ಮೋಸ ಆಗಿದ್ಯಾ ನೋಡಣ್ಣ" ಎಂದಳು. ಅವನು ಓದಿ, "ನಿನ್ನ ನಾದಿನಿ ಅದೃಷ್ಟವಂತೆ, ಇದು ದಾನಪತ್ರ" ಎಂದ. ಅಲ್ಲಿಂದ ನೇರ ಔಷಧಿ ಅಂಗಡಿಯವನ ಬಳಿ ಹೋಗಿ, "ಅಣ್ಣಾ, ಇದು ಯಾರದೋ ಕಾಗದ, ದಾರೀಲಿ ಸಿಕ್ತು" ಎಂದಳು. ಅವನೂ ಅದನ್ನೇ ಓದಿದ. ಮನೆ, ಹಿತ್ತಿಲು, ಹನ್ನೊಂದು ಮರ, ನೀರು. ವಾಪಸ್ಸು ಬಂದವಳು ತೋಟಕ್ಕೆ ಹೋಗಿ ಆ ಹನ್ನೊಂದು ಮರಗಳನ್ನು ಒಂದೊಂದಾಗಿ ತಟ್ಟಿ ನೋಡಿದಳು. ರೋಗ ಹಿಡಿದ ಮರವೊಂದೂ ಇರಲಿಲ್ಲ. ಕಾಯಿ ಬಿಡುವ ಒಳ್ಳೆಯ ಜಾತಿಯವು.

ಇಷ್ಟಾದ ಮೇಲೆ ಸಮಾಧಾನ ಆಗಬೇಕಿತ್ತು. ಆದರೆ ಝೈದಾಳ ಅನುಮಾನ ಇನ್ನೂ ಗಟ್ಟಿಯಾಯಿತು. ಕಿತ್ತುಕೊಳ್ಳಲು ಬಂದವನಾದರೆ ಅವಳಿಗೆ ಅರ್ಥವಾಗುತ್ತಿತ್ತು. ಕೊಡಲು ಬಂದವನು, ಅದೂ ಆ ಮನೆಯವನು!

"ಅಮ್ಮಾ, ಒಳ್ಳೇದು ಮಾಡೋಕೆ ಬಂದ್ರೂ ಹಿಂಗೆ ಓಡಿಸ್ತೀಯಲ್ಲ" ಎಂದಳು ರಹ್ಮಾ. "ಮೇಷ್ಟರ ಕೆಲಸದಲ್ಲಿ ಇರೋ ಮನುಷ್ಯ. ನಾಲ್ಕು ಅಕ್ಷರ ಓದಿದವರಿಗೆ ನಾಚಿಕೆ ಆಗುತ್ತೆ, ಅಷ್ಟೇ."

"ನಾಚಿಕೆ ಆದವನು ಕಣ್ಣು ತಗ್ಗಿಸ್ತಾನೆ. ಇವನು ಕಣ್ಣು ತಪ್ಪಿಸ್ತಾನೆ. ಎರಡಕ್ಕೂ ವ್ಯತ್ಯಾಸ ಇದೆ ಕಣೇ."

ಮುಂದಿನ ವಾರ ದೊಡ್ಡಮನೆಯಿಂದ ಕರೆ ಬಂತು. ತಾಹಿರನ ತಾಯಿ ಲಾಲ್ಲಾ ಬತೂಲ್ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿದ್ದರು. ಅರವತ್ತಾರರ ಮುದುಕಿ. ಝೈದಾ ಎಣ್ಣೆ ಬಿಸಿಮಾಡಿಸಿ ಪಾದವನ್ನು ಮಡಿಲಲ್ಲಿಟ್ಟುಕೊಂಡಳು. ಉಳುಕು ಅಂಥದ್ದೇನೂ ಇರಲಿಲ್ಲ. ಕರೆಸಲು ಒಂದು ನೆಪವಾಗುವಷ್ಟು ಮಾತ್ರ ಇತ್ತು.

ಬತೂಲ್ ಬಾಗಿ ಅವಳ ಮುಂಗೈ ಹಿಡಿದರು.

"ಹೆಬ್ಬೆಟ್ಟು ಒತ್ತಿದ್ಯಾ ಮಗಳೇ?"

"ಇನ್ನೂ ಇಲ್ಲ ಲಾಲ್ಲಾ."

"ಒತ್ತು. ಒತ್ತುವಾಗ ಒಂದು ಮಾತು ಹೇಳಿಬಿಡು. ಗೊತ್ತಿರೋದಕ್ಕೂ ಗೊತ್ತಿಲ್ಲದ್ದಕ್ಕೂ ನಿಮ್ಮನ್ನೆಲ್ಲ ಕ್ಷಮಿಸಿದೀನಿ ಅನ್ನು. ಅಷ್ಟು ಸಾಕು. ನಂಗೆ ವಯಸ್ಸಾಯ್ತು, ದೇವರ ಮುಂದೆ ನಿಲ್ಲಬೇಕು."

ಬೀಳ್ಕೊಡುವಾಗ, ಹಜ್ಜಿಗೆ ಹೊರಡುವಾಗ, ಸಾಯುವ ಮುಂಚೆ ಎಲ್ಲರೂ ಹೇಳುವ ಮಾತೇ ಅದು. ಝೈದಾ ನೂರು ಸಲ ಕೇಳಿದ್ದಳು, ನೂರು ಸಲ ಹೇಳಿದ್ದಳು. ಆದರೆ ಮುದುಕಿ 'ಗೊತ್ತಿಲ್ಲದ್ದಕ್ಕೂ' ಎನ್ನುವಾಗ ಮಡಿಲಲ್ಲಿದ್ದ ಪಾದ ಬಿಗಿಯಿತು. ಮಾತಿಗೆ ಮೈ ಬಿಗಿಯುವುದು ಎಲ್ಲಿ, ಯಾಕೆ ಎಂದು ತಿಳಿಯುವುದೇ ಝೈದಾಳ ಕಸುಬು. ಅವಳು ಪಾದವನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು ಎದ್ದು, ನಡುಮನೆಯಲ್ಲಿ ಕೂತಿದ್ದ ತಾಹಿರನ ಎದುರು ಹೋಗಿ ನಿಂತಳು.

"ಸೀದಿ, ಊದಿದ ಜಾಗಕ್ಕೆ ಕೈ ಹಾಕಿದ್ರೆ ಎಲ್ರೂ ಪಕ್ಕದ ಜಾಗ ತೋರಿಸ್ತಾರೆ. ಇಲ್ಲಿ ನೋವು, ಇಲ್ಲಿ ನೋವು ಅಂತಾರೆ. ನೀವೂ ಹಂಗೇ ಮಾಡ್ತಾ ಇದ್ದೀರಿ. ಮನೆ ತೋರಿಸ್ತೀರಿ, ಮರ ತೋರಿಸ್ತೀರಿ. ನಿಜವಾಗ್ಲೂ ಮುರಿದಿರೋದು ಎಲ್ಲಿ?"

ಒಳಗಿನಿಂದ ಬತೂಲರ ದನಿ ಬಂತು. "ಹೇಳಿಬಿಡು ಮಗನೇ. ನನ್ನ ಕೈಲಿ ಆಗಲ್ಲ."

ಆಗ ಆತ ಹೇಳಿದ. ಕಣ್ಣು ತಪ್ಪಿಸುತ್ತಲೇ ಹೇಳಿದ. ಚೀಟಿಯ ವರ್ಷ ಬತೂಲರ ಅಕ್ಕ ಕೆಂಝಾಗೆ ತಾರುದಾಂತಿನ ಮನೆಗೆ ಮದುವೆಯಾಯಿತು. ಬರಗಾಲ, ಕೊಡಲು ಒಡವೆ ಕಡಿಮೆ. ಮದುಮಗಳ ಜೊತೆ ಕೆಲಸಕ್ಕೊಂದು ಹುಡುಗಿಯನ್ನು ಕಳಿಸಿದರೆ ಮಾನ ಉಳಿಯುತ್ತದೆ ಎಂದು ತಾತ ನಿರ್ಧರಿಸಿ ಎಂಬಾರ್ಕಾಳನ್ನು ಆರಿಸಿದರು. ಯಾಕೂತ್ ಸುಮ್ಮನಿರುವವಳಲ್ಲ ಎಂದು ಗೊತ್ತಿತ್ತು. ಅವಳನ್ನೂ ದೊಡ್ಡ ಮಗಳನ್ನೂ ಮೇಲಿನ ಊರಿಗೆ ಜವೆಗೋಧಿ ಕೊಯ್ಲಿಗೆಂದು ಹತ್ತು ದಿನ ಕಳಿಸಿದರು. ತಿರುಗಿ ಬರುವಷ್ಟರಲ್ಲಿ ಸ್ಮಶಾನದಲ್ಲಿ ಒಂದು ಪುಟ್ಟ ಮಣ್ಣಿನ ದಿಬ್ಬ ಎದ್ದಿತ್ತು. ಜ್ವರ ಬಂತು, ಸೆಕೆಗೆ ಕಾಯಲಾಗಲಿಲ್ಲ, ಮಣ್ಣು ಮಾಡಿದೆವು ಎಂದರು.

"ಅದರಲ್ಲಿ ಏನಿದೆ?" ಎಂದು ಕೇಳಿದಳು ಝೈದಾ.

"ಖರ್ಜೂರದ ನಾರಿನ ಗಂಟು" ಎಂದರು ಒಳಗಿನಿಂದ ಬತೂಲ್. "ಬಟ್ಟೆ ಸುತ್ತಿ... ನಾನು ನೋಡಿದೆ. ಹತ್ತು ವರ್ಷದವಳು ನಾನು. ಬಾಯಿ ಬಿಟ್ರೆ ನಾಲಿಗೆ ಸುಡ್ತೀನಿ ಅಂದ್ರು ಅಪ್ಪ."

ಝೈದಾ ನೆಲದ ಮೇಲೆ ಕೂತಳು. ಆ ದಿಬ್ಬ ಅವಳಿಗೆ ಗೊತ್ತು. ಅವಳು ಮಗುವಾಗಿದ್ದಾಗ ಪ್ರತಿ ಶುಕ್ರವಾರ ಅಜ್ಜಿಯ ಸೆರಗು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಅಜ್ಜಿ ಕಲ್ಲಿನ ಮೇಲೆ ನೀರು ಚಿಮುಕಿಸಿ, ಎರಡು ಅಂಜೂರ ಇಟ್ಟು, ಬಹಳ ಹೊತ್ತು ಮಾತಾಡುತ್ತಿದ್ದಳು. ಸಾಯುವಾಗ ಕೇಳಿಕೊಂಡಿದ್ದೂ ಒಂದೇ, ಮಗುವಿನ ಪಕ್ಕದಲ್ಲಿ ಮಲಗಿಸಿ ಎಂದು. ಹಾಗೇ ಮಲಗಿಸಿದ್ದರು. ಒಂದು ಗಂಟು ನಾರಿನ ಪಕ್ಕದಲ್ಲಿ.

"ಇದನ್ನ ಮುಚ್ಚೋಕೆ ಹನ್ನೊಂದು ಮರ" ಎಂದಳು.

"ಮುಚ್ಚೋಕಲ್ಲ..." ಎಂದು ತಾಹಿರ್ ಶುರುಮಾಡಿದ. ನಡುವೆ ನಿಲ್ಲಿಸಿ, "ಹೌದು. ಮುಚ್ಚೋಕೇ. ಮನೆ ಕೊಟ್ರೆ ಇದನ್ನ ಹೇಳೋದು ತಪ್ಪುತ್ತೆ ಅಂತ ಅಂದ್ಕೊಂಡಿದ್ದೆ" ಎಂದ.

ಅವನು ತನ್ನ ಬಗ್ಗೆ ಹೇಳಿದ ಮೊದಲ ನಿಜ ಅದು ಎಂದು ಝೈದಾಗೆ ಅನಿಸಿತು. ಹಾಗಂತ ಅವಳು ಕರಗಲಿಲ್ಲ.

"ಆಮೇಲೆ ಅವಳು ಏನಾದಳು?"

"ಬದುಕಿದ್ದಾರೆ. ತಾರುದಾಂತಲ್ಲೇ. ಕೆಂಝಾ ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಮಕ್ಕಳು ಒಂದು ಕೋಣೆ ಬಿಟ್ಟುಕೊಟ್ಟಿದ್ದಾರಂತೆ."

ಬದುಕಿದ್ದಾರೆ ಎಂಬ ಮಾತಿಗೆ ಝೈದಾ ತುಂಬ ಹೊತ್ತು ಅವನ ಮುಖವನ್ನೇ ನೋಡಿದಳು. ಇದೂ ಇನ್ನೊಂದು ಪಕ್ಕದ ಜಾಗವಿರಬಹುದೇ? ಎದ್ದು ನಿಂತು ಸೆರಗು ಕೊಡವಿಕೊಂಡಳು. "ನಾಡಿದ್ದು ಬಸ್ಸಿಗೆ ಹೋಗೋಣ. ನೀವೂ ಬರ್ತೀರಿ. ಕಾಗದ ಆಮೇಲೆ."

ವರ್ಝಾಝತ್ ಮೇಲೆ ಹೋಗುವ ಬಸ್ಸು ಇಡೀ ದಿನದ್ದು. ಬುತ್ತಿಯನ್ನು ಝೈದಾ ತನ್ನದೇ ಕಟ್ಟಿಕೊಂಡಿದ್ದಳು. ತಾಹಿರ್ ಕೊಟ್ಟ ಕಿತ್ತಳೆ ತೆಗೆದುಕೊಳ್ಳಲಿಲ್ಲ. ಘಟ್ಟದ ತಿರುವುಗಳು ಮುಗಿದ ಮೇಲೆ ಅವಳೇ ಕೇಳಿದಳು:

"ನೀವು ಆಗ ಹುಟ್ಟೇ ಇರಲಿಲ್ಲ. ನಿಮ್ಮ ಕೈಲಿ ಆಗಿದ್ದೂ ಅಲ್ಲ. ಸುಮ್ಮನೆ ಮರಕೇಶಲ್ಲಿ ಮಕ್ಕಳಿಗೆ ಪಾಠ ಹೇಳ್ಕೊಂಡು ಇರಬಹುದಿತ್ತು. ನಿಮಗೇನು ಸಿಗುತ್ತೆ ಇದರಲ್ಲಿ? ಚುನಾವಣೆಗೆ ನಿಲ್ತೀರಾ?"

ಆತ ನಗಲು ಹೋದ, ಅವಳ ಮುಖ ನೋಡಿ ಬಿಟ್ಟ. "ತಾತ ಇಟ್ಟಿದ್ದನ್ನೆಲ್ಲ ತಗೊಂಡೆ. ಮನೆ, ತೋಟ, ಮೌಲಾಯ್ ಅನ್ನೋ ದೊಡ್ಡ ಮನೆತನದ ಬಿರುದು. ಆ ಖರ್ಜೂರದ ದುಡ್ಡಲ್ಲೇ ಓದಿದೆ. ಹೋದ ವರ್ಷ ಅಮ್ಮ ಇದನ್ನ ಹೇಳಿದಾಗ ಇದೊಂದು ಮಾತ್ರ ನಂದಲ್ಲ ಅನ್ನೋಕೆ ನೋಡಿದೆ. ಬರಲಿಲ್ಲ."

"ಹೋದ ವರ್ಷ ಹೇಳಿದ್ರಾ? ಒಂದು ವರ್ಷ ಏನು ಮಾಡ್ತಿದ್ರಿ?"

"ಹೆದರ್ತಿದ್ದೆ."

ಝೈದಾ ಕಿಟಕಿ ಕಡೆ ತಿರುಗಿದಳು. ಮಾತು ಚೆನ್ನಾಗಿದೆ, ಓದಿದವನಲ್ಲವೇ, ಚಿಕ್ಕಮ್ಮನ ಮುಂದೆ ನಿಂತಾಗ ನೋಡೋಣ ಎಂದುಕೊಂಡಳು.

ತಾರುದಾಂತಿನ ಕೋಟೆಬಾಗಿಲ ಬಳಿ, ಗೋಡೆಯ ನೆರಳಲ್ಲಿ, ದಪ್ಪ ಕಾವಲಿ ಮುಂದೆ ಒಬ್ಬ ಮುದುಕಿ ಹಿಟ್ಟನ್ನು ತೆಳ್ಳಗೆ ತಟ್ಟಿ, ಮಡಚಿ, ಎಣ್ಣೆ ಸವರಿ ಬೇಯಿಸುತ್ತಿದ್ದಳು. ಇಬ್ಬರು ಗಿರಾಕಿಗಳು ನಿಂತಿದ್ದರು. ಝೈದಾಗೆ ಯಾರೂ ತೋರಿಸಬೇಕಾಗಲಿಲ್ಲ. ಆ ಗಲ್ಲ, ಆ ಹಣೆ ಅವಳ ತಾಯಿಯದೇ. ಗಿರಾಕಿಗಳು ಹೋಗುವವರೆಗೆ ಕಾದಳು.

"ಚಿಕ್ಕಮ್ಮಾ" ಎಂದಳು. "ನಾನು ತಾಗ್ನೂತಿಂದ ಬಂದೆ. ಮಹಜೂಬಾ ಮಗಳು."

ಮುದುಕಿ ತಲೆ ಎತ್ತಿದಳು. ಮೊದಲು ಝೈದಾಳನ್ನಲ್ಲ, ಹಿಂದೆ ನಿಂತಿದ್ದ ತಾಹಿರನ ಬಿಳಿ ನಿಲುವಂಗಿಯನ್ನು ನೋಡಿದಳು.

"ಯಾರು ಕಳಿಸಿದ್ದು?"

"ಯಾರೂ ಕಳಿಸಿಲ್ಲ."

"ಸುಳ್ಳು. ಕೆಂಝಾ ಮಕ್ಕಳು ಕಳಿಸಿದ್ದಾರೆ. ನನ್ನ ಕೋಣೆ ಬಿಡಿಸೋಕೆ ಬಂದಿದ್ದೀರಿ. ಹೋಗಿ ಹೇಳಿ, ನನ್ನ ಹೆಣ ಹೋಗುತ್ತೆ ಅಲ್ಲಿಂದ, ನಾನು ಹೋಗಲ್ಲ ಅಂತ."

ತನ್ನ ಅಂಗಳದಲ್ಲಿ ತಾನು ಹೇಗೆ ಕೂತಿದ್ದಳೋ ಹಾಗೇ ಈಕೆ ಕಾವಲಿಯ ಹಿಂದೆ ಕೂತಿದ್ದಾಳೆ ಎಂದು ಝೈದಾಗೆ ಅನಿಸಿತು.

"ಕೋಣೆ ವಿಷಯ ಅಲ್ಲ ಚಿಕ್ಕಮ್ಮಾ. ನಿನ್ನ ಅಮ್ಮನ ವಿಷಯ."

"ನಂಗೆ ಅಮ್ಮ ಇಲ್ಲ." ಮುದುಕಿ ಇನ್ನೊಂದು ಉಂಡೆ ಹಿಟ್ಟು ತೆಗೆದು ಬಡಿದಳು. "ಒಂದು ಸೇರು ಜವೆಗೋಧಿಗೆ ನನ್ನ ಕೊಟ್ಟವಳು ಅವಳು. ಹಸಿವು ತಡೆಯೋಕಾಗ್ದೆ ಕೊಟ್ಟಳು, ದೊಡ್ಡವಳನ್ನ ಇಟ್ಕೊಂಡಳು. ದಾರೀಲೇ ಹೇಳಿದ್ರು ನಂಗೆ. ಅತ್ತು ಗಲಾಟೆ ಮಾಡ್ಬೇಡ, ನಿನ್ನಮ್ಮನೇ ಬೇಡ ಅಂದಿದ್ದಾಳೆ ಅಂತ."

ಇದನ್ನು ತಾಹಿರನೂ ತಿಳಿದಿರಲಿಲ್ಲ. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಝೈದಾ ಹೇಳತೊಡಗಿದಳು. ಕೊಯ್ಲು, ಸುಳ್ಳು ಜ್ವರ, ದಿಬ್ಬ, ಶುಕ್ರವಾರಗಳು. ಮುದುಕಿ ಕೇಳಿಸಿಕೊಳ್ಳುತ್ತಲೇ ತಲೆ ಅಲ್ಲಾಡಿಸುತ್ತಿದ್ದಳು. "ನೀನು ಅವಳ ಮೊಮ್ಮಗಳು. ಇನ್ನೇನು ಹೇಳ್ತೀಯ? ಅವಳ ಪರವಾಗೇ ಹೇಳ್ತೀಯ" ಎಂದಳು.

ಝೈದಾ ತಿರುಗಿ ತಾಹಿರನನ್ನು ನೋಡಿದಳು. ಅವನು ಮುಂದೆ ಬಂದು, ಬಿಳಿ ಬಟ್ಟೆಯಲ್ಲೇ ಧೂಳಿನಲ್ಲಿ ಮೊಣಕಾಲೂರಿ ಕೂತ.

"ಲಾಲ್ಲಾ ಎಂಬಾರ್ಕಾ, ಆ ವರ್ಷ ಎಂಥ ಕಷ್ಟದ ವರ್ಷ ಅಂದ್ರೆ... ಜನ ಏನೇನೋ ಮಾಡಿದ್ರು, ಹಿರಿಯರು ಆಗಿನ ಕಾಲಕ್ಕೆ—"

"ವರ್ಷದ ಸುದ್ದಿ ಬೇಡ" ಎಂದಳು ಝೈದಾ. "ಮಾಡಿದ್ದು ವರ್ಷ ಅಲ್ಲ. ನೆಟ್ಟಗೆ ಹೇಳಿ."

ತಾಹಿರ್ ಕಣ್ಣೆತ್ತಿ ಮುದುಕಿಯನ್ನೇ ನೋಡಿದ. "ನನ್ನ ತಾತ ಮೌಲಾಯ್ ಹಫೀದ್ ನಿಮ್ಮನ್ನ ಕದ್ದರು. ನಿಮ್ಮಮ್ಮ ಕೊಡಲಿಲ್ಲ. ಅವರನ್ನ ಕೊಯ್ಲಿಗೆ ಕಳಿಸಿ, ನಿಮ್ಮನ್ನ ಹೇಸರಗತ್ತೆ ಮೇಲೆ ಕೂರಿಸಿ ಕಳಿಸಿದ್ರು. ಆಮೇಲೆ ಸುಳ್ಳು ಗೋರಿ ಕಟ್ಟಿದ್ರು. ನಿಮ್ಮಮ್ಮ ಸಾಯೋತನಕ ನೀವು ಅದರಲ್ಲಿದ್ದೀರಿ ಅಂತ ನಂಬಿದ್ರು. ನನ್ನಮ್ಮ ಕಣ್ಣಾರೆ ನೋಡಿದ್ದಾರೆ. ನಾನು ಅದೇ ಮನೆಯವನು. ಸುಳ್ಳು ಹೇಳಿದ್ದು ನಾವು, ನಿಮಗೂ ಅವರಿಗೂ."

ಕಾವಲಿಯ ಮೇಲಿದ್ದ ರೊಟ್ಟಿ ಹೊಗೆಯಾಡತೊಡಗಿತು. ಮುದುಕಿ ತೆಗೆಯಲಿಲ್ಲ. ಆಗ ಝೈದಾಗೆ ಅರ್ಥವಾಯಿತು. ತಾನು ಸಾವಿರ ಸಲ ಆಣೆ ಇಟ್ಟಿದ್ದರೂ ಈಕೆ ನಂಬುತ್ತಿರಲಿಲ್ಲ. ಈ ಮಾತನ್ನು ಕದ್ದವನ ಮನೆಯ ಬಾಯಿಯೇ ಹೇಳಬೇಕಿತ್ತು. ಸ್ವಂತ ತಾತನನ್ನು ಬೀದಿಯಲ್ಲಿ ಕಳ್ಳ ಎಂದು ಕರೆಯುವುದರಿಂದ ಯಾವ ಮೌಲಾಯ್‌ಗೂ ಲಾಭವಿಲ್ಲ. ಅದು ಮುದುಕಿಗೂ ಗೊತ್ತಿತ್ತು.

"ಐವತ್ತಾರು ವರ್ಷ" ಎಂದಳು ಎಂಬಾರ್ಕಾ. ಬಹಳ ಮೆಲ್ಲಗೆ ಹೇಳಿದಳು. "ಒಂದು ದಿನಾನೂ ಅವಳಿಗೆ ಒಂದು ದುಆ ಮಾಡಲಿಲ್ಲ ನಾನು. ರಂಜಾನಲ್ಲಿ ಎಲ್ಲರೂ ಅಪ್ಪ ಅಮ್ಮನ ಹೆಸರು ಹೇಳುವಾಗ ನಾನು ಬಾಯಿ ಮುಚ್ಕೊಂಡು ಕೂರ್ತಿದ್ದೆ. ಅದನ್ನ ಎಲ್ಲಿಂದ ತಂದು ಕೊಡ್ತೀಯಪ್ಪಾ?"

ತಾಹಿರ್ ಸಮಾಧಾನದ ಮಾತು ಕಟ್ಟಲು ಹೋಗಲಿಲ್ಲ. ಝೈದಾ ಅದನ್ನು ಗಮನಿಸಿದಳು.

"ಇದನ್ನ ನಿಮ್ಮೂರಲ್ಲಿ ಹೇಳಿದ್ದೀಯಾ?" ಎಂದು ಮುದುಕಿ ಕೇಳಿದಳು.

"ಇಲ್ಲ."

"ಹಾಗಾದ್ರೆ ಇನ್ನೂ ಬಚ್ಚಿಟ್ಟೇ ಇದ್ದೀಯ. ಎದ್ದೇಳು. ಬಟ್ಟೆ ಕೊಳೆ ಆಗುತ್ತೆ."

ಅಂದು ಅವಳು ಝೈದಾಳನ್ನು ತನ್ನ ಕೋಣೆಗೆ ಕರೆದೊಯ್ದಳು. ತಾಹಿರನನ್ನು ಕರೆಯಲಿಲ್ಲ. ಮೂರು ದಿನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಹೊರಡುವಾಗ ಝೈದಾ ಊರಿಗೆ ಬಾ ಎಂದು ಕರೆದಳು. "ಆ ಗೋಡೆಗಳನ್ನ ಮತ್ತೆ ನೋಡೋಕೆ ನನ್ನ ಕೈಲಾಗಲ್ಲ ಮಗಳೇ" ಎಂದಳು ಎಂಬಾರ್ಕಾ. ಇವತ್ತಿಗೂ ಬಂದಿಲ್ಲ.

ಊರಿಗೆ ಬಂದ ಮೊದಲ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ತಾಹಿರ್ ಮಸೀದಿ ಮೆಟ್ಟಿಲ ಮೇಲೆ ನಿಂತ. ಹೆಂಗಸರ ಕಡೆಯ ಗೋಡೆಯ ಹಿಂದೆ ಝೈದಾ ನಿಂತಿದ್ದಳು. ನುಣುಚಿಕೊಂಡರೆ ಅಲ್ಲೇ ಕೂಗಿ ಹೇಳಿಬಿಡಬೇಕೆಂದು ಸಿದ್ಧಳಾಗೇ ಇದ್ದಳು. ಬೇಕಾಗಲಿಲ್ಲ. ಧೂಳಿನಲ್ಲಿ ಕೂತು ಹೇಳಿದ ಮಾತುಗಳನ್ನೇ, ಅದೇ ಕ್ರಮದಲ್ಲಿ, ಕದ್ದರು ಎಂಬ ಶಬ್ದ ಸಮೇತ ಹೇಳಿದ. ದೊಡ್ಡಮನೆಯ ದಾಯಾದಿಗಳು ಎದ್ದು ಹೋದರು. ಒಬ್ಬ ಉಗುಳಿದ. ಫರಾಜಿ ಮಾತ್ರ, "ಇನ್ನೊಂದ್ಸಲ ಹೇಳಿ ಸೀದಿ, ಹಿಂದೆ ಇರೋರಿಗೆ ಕೇಳಿಸಲಿಲ್ಲ" ಎಂದ. ಆತ ಇನ್ನೊಂದು ಸಲವೂ ಹೇಳಿದ.

ಝೈದಾ ಅದೇ ವಾರ ಹೆಬ್ಬೆಟ್ಟು ಒತ್ತಿದಳು. ಒತ್ತುವ ಮುಂಚೆ ರಹ್ಮಾಳಿಂದ ಕಾಗದವನ್ನು ಇನ್ನೊಮ್ಮೆ ಓದಿಸಿಕೊಂಡಳು.

ಬತೂಲರು ಹೇಳಿಕಳಿಸುತ್ತಲೇ ಇದ್ದರು. ಕೊನೆಗೆ ಝೈದಾ ಹೋಗಿ ಮಂಚದ ಪಕ್ಕ ಕೂತಳು. "ಲಾಲ್ಲಾ, ಹತ್ತು ವರ್ಷದ ಹುಡುಗಿ ಹೆದರಿ ಬಾಯಿ ಮುಚ್ಕೊಂಡಿದ್ದಕ್ಕೆ ಕ್ಷಮೆ ಇದೆ. ಇಲ್ಲೇ ಕೊಟ್ಟೆ. ಆ ಹುಡುಗಿ ಇಪ್ಪತ್ತಾದಳು, ಮೂವತ್ತಾದಳು, ಅಪ್ಪ ಸತ್ತರು, ನಾಲಿಗೆ ಸುಡೋರು ಯಾರೂ ಇರಲಿಲ್ಲ. ಆಗ ನಮ್ಮಜ್ಜಿ ಇನ್ನೂ ಆ ಗೋರಿಗೆ ನೀರು ಹಾಕ್ತಿದ್ದಳು. ಅದನ್ನ ಕ್ಷಮಿಸೋಳು ನಾನಲ್ಲ. ಅವಳನ್ನೇ ಕೇಳಿ, ಹೋದ ಮೇಲೆ." ಮುದುಕಿ ಗೋಡೆಯ ಕಡೆ ಹೊರಳಿದರು. ಝೈದಾ ಕಾಲಿನ ಪಟ್ಟಿ ಬಿಚ್ಚಿ, ಉಳುಕು ವಾಸಿಯಾಗಿದೆಯೇ ಎಂದು ಒತ್ತಿ ನೋಡಿ, ಎದ್ದು ಬಂದಳು.

ತಾಹಿರನ ತಮ್ಮ ದಾನಪತ್ರದ ಮೇಲೆ ದಾವೆ ಹಾಕಿದ. ಅದು ಇನ್ನೂ ಝಗೋರಾದ ಕಚೇರಿಯಲ್ಲಿ ಎಳೆಯುತ್ತಲೇ ಇದೆ. ತಾಹಿರ್ ಪ್ರತಿ ಸಲ ಮರಕೇಶ್‌ನಿಂದ ಬಂದು ತಮ್ಮನ ವಿರುದ್ಧ ಸಾಕ್ಷಿ ಹೇಳುತ್ತಾನೆ. ಬಂದಾಗ ಝೈದಾಳ ಅಂಗಳದಲ್ಲಿ ಚಹಾ ಕುಡಿಯುತ್ತಾನೆ. ಅವನನ್ನು ಈಗ ನಂಬುತ್ತೀಯಾ ಎಂದು ರಹ್ಮಾ ಕೇಳಿದರೆ ಅವಳು ನೇರ ಉತ್ತರ ಕೊಡುವುದಿಲ್ಲ. "ಈ ಸಲಾನೂ ಬಂದಿದ್ದಾನೆ" ಎನ್ನುತ್ತಾಳೆ.

ಸಂತೆಯ ದಿನ ಅವಳು ಟೆಲಿಫೋನ್ ಅಂಗಡಿಗೆ ಹೋಗಿ ತಾರುದಾಂತಿಗೆ ಫೋನ್ ಮಾಡುತ್ತಾಳೆ. ಚಿಕ್ಕಮ್ಮನ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಅಮ್ಮ ಎಷ್ಟು ಎತ್ತರ ಇದ್ದಳು, ನಕ್ಕರೆ ಹೇಗಿರುತ್ತಿದ್ದಳು, ಮಕ್ಕಳಿಗೆ ಹೊಡೆಯುತ್ತಿದ್ದಳೇ. ಮೊನ್ನೆ ಕೇಳಿದಳು, "ಕೋಪ ಬಂದ್ರೆ ಏನು ಮಾಡ್ತಿದ್ದಳು?"

"ಪಾತ್ರೆ ತೊಳೀತಿದ್ದಳು. ತೊಳೆದದ್ದನ್ನೇ ಮತ್ತೆ ಮತ್ತೆ."

ಚಿಕ್ಕಮ್ಮ, "ನಿಜ ಹೇಳು, ನನ್ನ ಸಮಾಧಾನಕ್ಕೆ ಕಟ್ಟಿ ಹೇಳ್ತಿಲ್ಲ ತಾನೇ?" ಎಂದಳು.

"ಇಲ್ಲ ಚಿಕ್ಕಮ್ಮಾ" ಎಂದಳು ಝೈದಾ. "ಊರಲ್ಲಿ ಯಾರನ್ನ ಬೇಕಾದ್ರೂ ಕೇಳು."